ಮಗ್ಗದ ಓಣಿಯ ತಾಳಿಕೆ

ಮಗ್ಗದ ಓಣಿಗೆ ನೀರು ಬಂದು ಒಂಬತ್ತು ದಿನವಾಗಿತ್ತು. ಆದರೂ ಆ ಓಣಿಯಲ್ಲಿ ನೀರಿಲ್ಲದೆ ಒಲೆ ಹಚ್ಚದ ಮನೆ ಒಂದೂ ಇರಲಿಲ್ಲ, ಮುಖ ತೊಳೆಯದೆ ಶಾಲೆಗೆ ಹೋದ ಮಗು ಒಂದೂ ಇರಲಿಲ್ಲ. ಅದು ಕಾಶವ್ವ ಬಡಿಗೇರಳ ಕೆಲಸ.

ಕಾಶವ್ವನಿಗೆ ನಲವತ್ತೆಂಟು. ಮನೆ ಮುಂದಿನ ಕಟ್ಟೆಯ ಮೇಲೆ ಹೊಲಿಗೆ ಮಷೀನು ಇಟ್ಟುಕೊಂಡು ಜಂಪರು, ಶಾಲೆಯ ಅಂಗಿ-ಚಡ್ಡಿ ಹೊಲಿಯುವುದು ಅವಳ ಕಸುಬು. ಗಂಡ ಈರಪ್ಪ ಬ್ಯಾಟರಿ ಆಟೋ ಓಡಿಸುತ್ತಿದ್ದ. ಒಳಮನೆಯಲ್ಲಿ ಎರಡು ವರ್ಷದಿಂದ ಹಾಸಿಗೆ ಹಿಡಿದ ಅತ್ತೆ ಸಾವಂತ್ರವ್ವ. ಬೆನ್ನಿಗೆ ಹುಣ್ಣಾದ ಆ ಮುದುಕಿಯನ್ನು ದಿನಕ್ಕೆ ಮೂರು ಸಲ ತೊಳೆಯಬೇಕಾಗುತ್ತಿತ್ತು.

ಕಲ್ಲಾಪುರದ ಪಾಲಿಕೆಯವರು ಮೂರು ವರ್ಷದ ಹಿಂದೆ ಊರ ನೀರನ್ನೆಲ್ಲ ‘ಜಲಮತಿ’ಯ ಕೈಗೆ ಕೊಟ್ಟಿದ್ದರು. ಜಲಮತಿ ಒಂದು ಗಣಕಯಂತ್ರ. ಪ್ರತಿ ಓಣಿಯ ನೆಲದಡಿಗೆ ತಾನೇ ತೆರೆದು ತಾನೇ ಮುಚ್ಚುವ ವಾಲ್ವು ಕೂಡಿಸಿದ್ದರು. ಯಾವುದನ್ನು ಯಾವಾಗ ತೆರೆಯಬೇಕು ಅನ್ನುವುದು ಯಂತ್ರದ ತೀರ್ಮಾನ. ಅದಕ್ಕೆ ಮೊದಲು ದಾವಲಸಾಬ ಅನ್ನುವವನೊಬ್ಬ ಕಬ್ಬಿಣದ ಉದ್ದ ಚಾವಿ ಹೆಗಲ ಮೇಲೆ ಹೊತ್ತು ಬಂದು ನೀರು ಬಿಡುತ್ತಿದ್ದ. ನೀರು ತಡವಾದರೆ ಅವನ ಸೈಕಲ್ ಹಿಡಿದು ನಿಲ್ಲಿಸಿ ಬೈಯಬಹುದಿತ್ತು. ಈಗ ಬೈಯಲಿಕ್ಕೆ ಯಾರೂ ಸಿಗುತ್ತಿರಲಿಲ್ಲ. ಒಂದು ಫೋನ್ ನಂಬರು ಮಾತ್ರ ಇತ್ತು.

ಮೂರು ದಿನಕ್ಕೊಮ್ಮೆ ಬರುತ್ತಿದ್ದ ನೀರು ಐದು ದಿನಕ್ಕೆ ಹೋದಾಗ ಕಾಶವ್ವ ‘ಒಂದು ಕೊಡ’ ಶುರು ಮಾಡಿದಳು. ನೀರು ಬಂದ ದಿನ ಪ್ರತಿ ಮನೆಯವರೂ ತಮ್ಮದನ್ನು ತುಂಬಿಕೊಂಡ ಮೇಲೆ ಒಂದು ಕೊಡ ತಂದು ಶಾಲೆಯ ಪಡಸಾಲೆಯಲ್ಲಿದ್ದ ದೊಡ್ಡ ಡ್ರಮ್ಮುಗಳಿಗೆ ಸುರಿಯಬೇಕು. ಬಾಣಂತಿ ಇದ್ದವರು, ಜಡ್ಡಿನವರು, ಬೀಗರು ಬಂದವರು ಅಲ್ಲಿಂದ ಒಯ್ಯಬಹುದು. ಯಾರಿಗೆ ಎಷ್ಟು ಅಂತ ಪಕ್ಕದ ಮನೆಯ ಮುಮ್ತಾಜ್ ನದಾಫ ಗೋಡೆಗೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ಐದು ದಿನ ಏಳಾದವು, ಏಳು ಒಂಬತ್ತಾದವು. ಓಣಿ ಹೇಗೋ ಸಾಗಿಸುತ್ತಲೇ ಇತ್ತು.

ಅಂದು ಬೆಳಗ್ಗೆ ಪಾಲಿಕೆಯ ಕಿರಿಯ ಎಂಜಿನಿಯರು ಚಂದ್ರಕಲಾ ಹಡಪದ ಸ್ಕೂಟಿಯ ಮೇಲೆ ಬಂದಳು. ಮೂವತ್ತರ ಒಳಗಿನ ಹುಡುಗಿ. ವಾಲ್ವಿನ ಗುಂಡಿಯ ಮುಚ್ಚಳ ತೆಗೆದು, ಮಾಪಕಕ್ಕೆ ವಾಯರು ಚುಚ್ಚಿ ಎರಡೆರಡು ಸಲ ನೋಡಿದಳು.

"ಕೆಟ್ಟೈತೇನ್ರಿ ಮೇಡಂ?" ಕಾಶವ್ವ ಕಟ್ಟೆಯಿಂದಲೇ ಕೇಳಿದಳು.

"ಇಲ್ರಿ ಅಕ್ಕಾರ, ಛಲೋ ಐತಿ. ಅದಕ್ಕ ನನಗ ತಿಳೀವಲ್ದು. ಒಂಬತ್ತು ದಿನ ನೀರಿಲ್ಲ, ಒಂದು ಫೋನೂ ಇಲ್ಲ. ಮಾಪಕನ ಸುಳ್ಳು ಹೇಳಾಕತ್ತೈತಿ ಅಂತ ಬಂದೆ."

ಕಾಶವ್ವನಿಗೆ ಹೆಮ್ಮೆಯಾಯಿತು. ಎದ್ದು ಹೋಗಿ ಡ್ರಮ್ಮು ತೋರಿಸಿದಳು, ಗೋಡೆಯ ಮೇಲಿನ ಪಟ್ಟಿ ತೋರಿಸಿದಳು, ಚಹಾ ಕೊಟ್ಟಳು. "ಫೋನ್ ಮಾಡಿ ಏನ್ ಮಾಡೂದ್ರಿ? ಊರಿಗೇ ನೀರು ಕಡಿಮಿ ಐತಿ. ನಾವು ನಾವ ಹಂಚಿಕೊಂಡು ನಡಸ್ತೀವಿ."

ಚಂದ್ರಕಲಾ ಪಟ್ಟಿಯನ್ನು ಮೇಲಿಂದ ಕೆಳಗಿನ ತನಕ ಓದಿದಳು. ಚಹಾ ತಣ್ಣಗಾಯಿತು. "ಊರಿಗೆಲ್ಲ ಕಡಿಮಿ ಇಲ್ರಿ ಅಕ್ಕಾರ" ಅಂದಳು ಕೊನೆಗೆ. "ವಿದ್ಯಾವಿಹಾರ ಬಡಾವಣೆಗೆ ದಿನಾ ಬರ್ತೈತಿ."

*

ಕಂಟ್ರೋಲ್ ರೂಮು ಪಾಲಿಕೆಯ ಮೂರನೆಯ ಮಹಡಿಯಲ್ಲಿತ್ತು. ಗೋಡೆ ತುಂಬ ಊರಿನ ನಕ್ಷೆ, ಓಣಿಗೊಂದು ದೀಪ. ನಡುವೆ ದೊಡ್ಡದಾಗಿ ಒಂದೇ ಒಂದು ಅಂಕಿ: ಊರಿನ ಅಸಮಾಧಾನದ ಅಂಕ. ಜಲಮತಿಗೆ ಕೊಟ್ಟಿದ್ದ ಗುರಿ ಅದೊಂದೇ. ಈ ಅಂಕ ಆದಷ್ಟು ಕೆಳಗಿರಬೇಕು.

ಆ ಮಧ್ಯಾಹ್ನ ಚಂದ್ರಕಲಾ ಮೂರು ವರ್ಷದ ದಾಖಲೆಗಳನ್ನು ತೆಗೆದು ಕೂತಳು. ಫೋನು, ಟ್ಯಾಂಕರಿಗೆ ಬಂದ ಬೇಡಿಕೆ, ಪಾಲಿಕೆ ಸದಸ್ಯರ ಪತ್ರ ಎಲ್ಲವನ್ನೂ ಯಂತ್ರ ಓದುತ್ತಿತ್ತು. ಓದಿ ಓದಿ ತಾನಾಗಿಯೇ ಒಂದು ಸಂಗತಿ ಕಂಡುಕೊಂಡಿತ್ತು. ನೀರು ನಿಂತ ಮೇಲೆ ಪ್ರತಿ ಓಣಿ ಎಷ್ಟು ತಾಸು ತಾಳಿಕೊಳ್ಳುತ್ತದೆ, ಮೊದಲ ದೂರು ಯಾವಾಗ ಬರುತ್ತದೆ ಅನ್ನುವ ಲೆಕ್ಕ. ವಿದ್ಯಾವಿಹಾರದ ತಾಳಿಕೆ ಇಪ್ಪತ್ತಾರು ತಾಸು. ಮಗ್ಗದ ಓಣಿಯದು ಇನ್ನೂರ ಹದಿನಾರು, ಇನ್ನೂ ಏರುತ್ತಿತ್ತು. ನೀರು ಸಾಲದೆ ಬಂದಾಗಲೆಲ್ಲ ಯಂತ್ರ ತಾಳಿಕೆ ಹೆಚ್ಚಿದ್ದ ಕಡೆ ಕತ್ತರಿಸುತ್ತಿತ್ತು. ಅಲ್ಲಿನ ಜನ ಇನ್ನಷ್ಟು ಹೊಂದಿಕೊಂಡರೆ ಮತ್ತಷ್ಟು ಕತ್ತರಿಸುತ್ತಿತ್ತು. ಇದನ್ನು ಯಾರೂ ಅದಕ್ಕೆ ಹೇಳಿಕೊಟ್ಟಿರಲಿಲ್ಲ.

ಅವಳು ಯಂತ್ರದ ನಕಲಿನ ಮೇಲೆ ಒಂದು ಪರೀಕ್ಷೆ ಮಾಡಿದಳು. ಮಗ್ಗದ ಓಣಿಯಿಂದ ಮೂರನೆಯ ದಿನ ಐದಾರು ಮನೆಯವರು ಬೇರೆ ಬೇರೆ ಹೊತ್ತಿನಲ್ಲಿ ದೂರು ಕೊಟ್ಟಂತೆ ತುಂಬಿದಳು. ನಾಲ್ಕನೆಯ ದಿನ ವಾಲ್ವು ತೆರೆಯಿತು.

ಮುಖ್ಯ ಎಂಜಿನಿಯರು ತೊರಗಲ್ಲರಿಗೆ ಎಲ್ಲವನ್ನೂ ತೋರಿಸಿದಳು. ಅವರು ಕೆಟ್ಟವರಲ್ಲ. ಮೂವತ್ತು ವರ್ಷ ಪೈಪುಗಳ ಜೊತೆ ಬಾಳಿದವರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು:

"ನೀರು ಇರೋದೇ ಅಷ್ಟು, ಚಂದ್ರಕಲಾ. ಯಾರಿಗಾದರೂ ಕಡಿಮಿ ಆಗಲೇಬೇಕು. ಎಲ್ಲಿ ನೋವು ಕಡಿಮಿಯೋ ಅಲ್ಲಿ ಯಂತ್ರ ಕತ್ತರಿಸ್ತದೆ. ಅದರಲ್ಲಿ ತಪ್ಪೇನು?"

"ನೋವು ಕಡಿಮಿ ಇರೋ ಕಡೆ ಅಲ್ಲ ಸರ್, ಕೂಗು ಕಡಿಮಿ ಇರೋ ಕಡೆ. ಆ ಓಣಿಯಲ್ಲಿ ಹಾಸಿಗೆ ಹಿಡಿದ ಮುದುಕಿ ಇದ್ದಾಳೆ, ಇಪ್ಪತ್ತು ದಿನದ ಕೂಸಿದೆ."

ತೊರಗಲ್ಲರು ಗೋಡೆಯ ಅಂಕಿಯನ್ನು ನೋಡಿದರು. ಮೂರು ವರ್ಷದಲ್ಲಿ ಅದು ಅಷ್ಟು ಕೆಳಗಿಳಿದದ್ದಕ್ಕೆ ಪಾಲಿಕೆಗೆ ಬಹುಮಾನ ಬಂದಿತ್ತು. "ಬರೆದು ಕೊಡು, ನೋಡೋಣ" ಅಂದರು.

ಚಂದ್ರಕಲಾ ಬರೆದು ಕೊಟ್ಟಳು. ವಾರ ಕಳೆದರೂ ಆ ಕಾಗದ ಅಲುಗಾಡಲಿಲ್ಲ; ಆ ನಡುವೆ ಕಾಶವ್ವನ ಓಣಿಗೆ ಒಂದೇ ಸಲ ನೀರು ಬಂದಿತ್ತು. ಭಾನುವಾರ ಅವಳು ಮಗ್ಗದ ಓಣಿಗೆ ಹೋಗಿ ಕಾಶವ್ವನ ಕಟ್ಟೆಯ ಮೇಲೆ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

*

ಕಾಶವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಚಂದ್ರಕಲಾ ಹೋದ ಮೇಲೆ ಒಳಗೆ ಬಂದು ಅತ್ತೆಯ ಮಗ್ಗುಲು ತಿರುಗಿಸಿ, ಅರ್ಧ ಬಕೆಟ್ಟು ನೀರಿನಲ್ಲಿ ಬಟ್ಟೆ ಅದ್ದಿ ಬೆನ್ನು ಒರೆಸತೊಡಗಿದಳು. ಒರೆಸುತ್ತಿದ್ದಂತೆ ಕಣ್ಣಲ್ಲಿ ನೀರು ಬಂತು.

"ಯಾಕ, ಏನಾತು?" ಸಾವಂತ್ರವ್ವ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

"ನಾ ಛಲೋದು ಮಾಡಾಕತ್ತೀನಿ ಅಂತ ತಿಳದಿದ್ದೆ ಅತ್ತಿ. ನನ್ನಿಂದಾನ ಓಣಿಗೆ ನೀರು ಬರೂದು ನಿಂತೈತಿ."

ಮರುದಿನ ಶಾಲೆಯ ಪಡಸಾಲೆಯಲ್ಲಿ ಓಣಿ ಸೇರಿತು. ಮುಮ್ತಾಜ್ ಸೊಂಟಕ್ಕೆ ಸೆರಗು ಬಿಗಿದು ನಿಂತಳು. "ಫೋನ್ ಮಾಡಿದ್ರ ನೀರು ಕೊಡ್ತೈತಂದ್ರ ಮಾಡೂಣಂತ! ಎಲ್ಲಾರೂ ಮಾಡ್ರಿ!"

ಎಲ್ಲರೂ ಮಾಡಿದರು. ಒಂದೇ ತಾಸಿನಲ್ಲಿ ನೂರ ನಲವತ್ತು ಫೋನು. ನೀರು ಬರಲಿಲ್ಲ. ಚಂದ್ರಕಲಾ ಆಮೇಲೆ ಕಾರಣ ಹೇಳಿದಳು: ಹಿಂದೊಮ್ಮೆ ಚುನಾವಣೆಯ ಕಾಲಕ್ಕೆ ಪಕ್ಷದವರು ಕೂಲಿ ಕೊಟ್ಟು ದೂರು ಮಾಡಿಸಿದ್ದರಂತೆ. ಅಂದಿನಿಂದ ಒಟ್ಟೊಟ್ಟಿಗೆ ಬಂದ ದೂರನ್ನು ಯಂತ್ರ ‘ಗದ್ದಲ’ ಅಂತ ಬೇರೆ ಇಡುತ್ತಿತ್ತು. ಅದು ನಂಬುತ್ತಿದ್ದದ್ದು ಒಂಟಿ ಮನೆಗಳ ಸಂಕಟವನ್ನು ಮಾತ್ರ.

"ಹಂಗಾರ ಖರೇನ ಸಂಕಟ ಆಗಲಿ" ಅಂದಳು ಮುಮ್ತಾಜ್. "ಡ್ರಮ್ಮಿಗೆ ಬೀಗ ಹಾಕೂಣು. ಹಂಚೂದು ಬ್ಯಾಡ. ತಾಳಲಾರದವರು ತಾವಾಗೇ ಫೋನ್ ಮಾಡ್ತಾರ."

ಬಾಣಂತಿ ರೇಣುಕಾಳ ತಾಯಿ ತಕ್ಷಣ ಎದ್ದು ಹೋದಳು. ಉಳಿದವರು ಕಾಶವ್ವನ ಮುಖ ನೋಡಿದರು. ಎಲ್ಲರ ಕೈ ಮೇಲೆ ಹೋದ ಮೇಲೆ ಅವಳ ಕೈಯೂ ಮೇಲೆ ಹೋಯಿತು.

ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. ಅದರ ಭಾರದಲ್ಲಿ ಅವಳಿಗೆ ಹೊಲಿಗೆಯ ಗೆರೆ ನೆಟ್ಟಗೆ ಬೀಳಲಿಲ್ಲ. ಎರಡನೆಯ ದಿನ ಅತ್ತೆಯನ್ನು ತೊಳೆಯಲಾಗಲಿಲ್ಲ, ಒಣ ಬಟ್ಟೆಯಲ್ಲಿ ಒರೆಸಿದಳು. ಮುದುಕಿ ನರಳಿದಳು.

"ಡ್ರಮ್ಮಿನಾಗ ನೀರೈತಿ ಅಂತಿ, ಕೊಡಂಗಿಲ್ಲ ಅಂತಿ. ನಿನಗೇನು ಬ್ಯಾನಿ ಬಂತು ಕಾಶಿ?"

ಮೂರನೆಯ ದಿನ ರೇಣುಕಾ ಹಸಿ ಮೈಯಲ್ಲೇ ಕೊಡ ಹಿಡಿದು ಮುಂದಿನ ಓಣಿಗೆ ಹೋದದ್ದನ್ನು ಕಾಶವ್ವ ಕಟ್ಟೆಯ ಮೇಲೆ ಕೂತು ನೋಡಿದಳು. ಎದ್ದು ಬೀಗ ತೆಗೆಯಬೇಕು ಅನಿಸಿತು. ತೆಗೆಯಲಿಲ್ಲ. ಆ ಹೊತ್ತಿಗೆ ಒಂದೊಂದೇ ಮನೆಯಿಂದ ಫೋನುಗಳು ಹೋಗಿದ್ದವು. ಯಾರೂ ಯಾರಿಗೂ ಹೇಳಿ ಮಾಡಿದ್ದಲ್ಲ.

ನಾಲ್ಕನೆಯ ದಿನ ಮುಂಜಾನೆ ನಲ್ಲಿಗಳಲ್ಲಿ ಗಾಳಿ ಸುಂಯ್‌ಗುಟ್ಟಿತು. ನೀರು ಬಂತು. ಓಣಿಯಲ್ಲಿ ಕೇಕೆ ಎದ್ದಿತು. ಮುಮ್ತಾಜ್ ಕಾಶವ್ವನನ್ನು ತಬ್ಬಿಕೊಂಡು ಮೂರು ಸುತ್ತು ತಿರುಗಿಸಿದಳು. ಅಂದು ಸಾವಂತ್ರವ್ವನಿಗೆ ಎರಡು ಬಕೆಟ್ಟು ಬಿಸಿನೀರಿನ ಸ್ನಾನ ಆಯಿತು. ನಾಲ್ಕು ದಿನ ಬಿಟ್ಟು ಮತ್ತೆ ಬಂತು.

*

ವಾರ ಕಳೆದ ಮೇಲೆ ಈರಪ್ಪ ಊಟಕ್ಕೆ ಬಂದವನು, ತುತ್ತು ಬಾಯಿಗಿಡುತ್ತ ಹೇಳಿದ: "ಹಮಾಲರ ಚಾಳಕ್ಕ ನೀರು ಬಂದು ಹನ್ನೊಂದು ದಿನ ಆತಂತ. ಮಂದಿ ನನ್ನ ಆಟೋದಾಗ ಕೊಡ ಹೇರಕೊಂಡು ಹೋದ್ರು."

"ಮೊದಲು ಅಲ್ಲೆ ಎಷ್ಟು ದಿನಕ್ಕ ಬರ್ತಿತ್ತು?"

"ಆರು ದಿನಕ್ಕ."

ಕಾಶವ್ವ ರೊಟ್ಟಿಯ ಬುಟ್ಟಿ ಕೆಳಗಿಟ್ಟಳು. ಚಂದ್ರಕಲಾಳಿಗೆ ಫೋನ್ ಹಚ್ಚಿದಳು.

"ಹೌದ್ರಿ ಅಕ್ಕಾರ" ಅಂದಳು ಚಂದ್ರಕಲಾ. "ಇರೋ ನೀರು ಅಷ್ಟ. ನಿಮಗ ಬಂದದ್ದು ಚಾಳದ ನೀರು. ಈಗ ಊರಾಗ ಹೆಚ್ಚು ತಾಳಿಕೊಳ್ಳೋರು ಅವರು."

ಊಟ ಬಿಟ್ಟು ಕಾಶವ್ವ ಗಂಡನ ಆಟೋದಲ್ಲಿ ಚಾಳಕ್ಕೆ ಹೋದಳು. ಹಮಾಲರ ಚಾಳವೆಂದರೆ ಮಾರುಕಟ್ಟೆಯ ಹಿಂದೆ ಎದುರುಬದುರು ತಗಡಿನ ಮನೆಗಳ ಎರಡು ಸಾಲು. ಅಲ್ಲಿಯ ಗೌರಾಬಾಯಿ ಲಮಾಣಿ ಬಾಗಿಲಲ್ಲೇ ಅವಳನ್ನು ಗುರುತಿಸಿದಳು. ಒಳಗೆ ಕರೆದು ಕೂರಿಸಿ, ಮಡಕೆಯ ತಳ ಬಳಿದು ಅರ್ಧ ಗ್ಲಾಸು ನೀರು ತಂದು ಮುಂದೆ ಹಿಡಿದಳು.

"ಬ್ಯಾಡವಾ, ನಾ ಈಗ ಕುಡದ ಬಂದೀನಿ."

"ಹಂಗನ್ನಬ್ಯಾಡ್ರಿ ಅಕ್ಕಾರ. ನೀವು ಎರಡು ವರ್ಷದ ಹಿಂದ ಬಂದು ಒಂದು ಕೊಡದ ಸಂಗತಿ ಕಲಿಸಿ ಹೋದಿರಿ ನೋಡ್ರಿ, ಅದರ ಮ್ಯಾಲ ನಿಂತೀವಿ ನಾವು. ಹನ್ನೊಂದು ದಿನ ಆತು, ಒಬ್ಬರ ಬಾಯಾಗೂ ಬ್ಯಾಸರಕಿ ಮಾತಿಲ್ಲ."

ಕಾಶವ್ವ ಆ ನೀರು ಕುಡಿದಳು. ಕುಡಿಯದಿದ್ದರೆ ಗೌರಾಬಾಯಿಗೆ ಅವಮಾನವಾಗುತ್ತಿತ್ತು. ಗ್ಲಾಸು ಕೆಳಗಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಬೀಗ ಹಾಕಿದ್ದು, ನೀರು ಬಂದದ್ದು, ಅದು ಯಾರ ನೀರು ಅನ್ನುವುದು, ಯಾವುದನ್ನೂ ಬಿಡಲಿಲ್ಲ.

ಗೌರಾಬಾಯಿ ಬೈಯಲಿಲ್ಲ. ಬಾಗಿಲ ಕಡೆ ನೋಡಿ ಕೇಳಿದಳು: "ಹಂಗಾರ ನಾವೂ ಬೀಗ ಹಾಕಬೇಕೇನ್ರಿ? ಆಮ್ಯಾಲ ಯಾರದು ನಿಲ್ತೈತಿ?"

ಆ ಪ್ರಶ್ನೆಯನ್ನು ಕಾಶವ್ವ ಮಗ್ಗದ ಓಣಿಗೆ ಹೊತ್ತು ತಂದಳು. ಸಂಜೆ ಎಲ್ಲರನ್ನೂ ಕರೆದು ಅವರ ಮುಂದೆಯೇ ಡ್ರಮ್ಮಿನ ಬೀಗ ತೆಗೆದಳು. "ಯಂತ್ರನ ಹೆಂಗ ಗೆಲ್ಲೂದಂತ ನಾವು ವಿಚಾರ ಮಾಡಿದ್ವಿ. ಅದು ಗೆದ್ದಂಗಲ್ಲ. ಇನ್ನೊಬ್ಬರ ಬಾಯಾಗಿಂದ ಕಸಗೊಂಡಂಗ. ಅದಕ್ಕ ಹಚ್ಚಿಕೊಟ್ಟ ಗುರಿನ ತಪ್ಪೈತಿ. ಅದನ್ನ ಬದಲು ಮಾಡಸಬೇಕು."

"ಯಾರು ಬದಲು ಮಾಡ್ತಾರ?" ಮುಮ್ತಾಜ್ ಸಿಟ್ಟಿನಲ್ಲೇ ಇದ್ದಳು. ಬಂದ ನೀರು ಬಿಡಲು ಅವಳಿಗೆ ಮನಸ್ಸಿರಲಿಲ್ಲ.

"ಯಾರು ಕೊಟ್ಟಾರೋ ಅವರು. ಪಾಲಿಕೆ."

*

ಮುಂದಿನ ಎರಡು ತಿಂಗಳು ಕಾಶವ್ವ ಮಧ್ಯಾಹ್ನದ ತನಕ ಹೊಲಿದಳು, ಮಧ್ಯಾಹ್ನದ ಮೇಲೆ ನಡೆದಳು. ಮೊದಲು ಅವಳು, ಗೌರಾಬಾಯಿ ಇಬ್ಬರೇ. ಮೂರನೆಯ ದಿನ ಮುಮ್ತಾಜ್ ಚಪ್ಪಲಿ ಮೆಟ್ಟಿಕೊಂಡು ಮಾತಿಲ್ಲದೆ ಹಿಂದೆ ಬಂದಳು. ಓಣಿ ಓಣಿಗೆ ಹೋಗಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ನೀರು ಬಂದು ಎಷ್ಟು ದಿನ ಆತು?" ಕೆಲವರು ಮುಖದ ಮೇಲೆ ಬಾಗಿಲು ಹಾಕಿದರು. ಕೆಲವರು ಯಾವ ಪಕ್ಷದವರು ಅಂತ ಕೇಳಿದರು. ವಿದ್ಯಾವಿಹಾರದಲ್ಲಿ ಒಬ್ಬ ನಿವೃತ್ತ ಲೆಕ್ಚರರು, "ನಮಗೆ ದಿನಾ ಬರುತ್ತಲ್ಲ, ನಿಮಗೆ ಬರೋದಿಲ್ಲವೇ?" ಅಂತ ನಿಜವಾಗಿಯೂ ಬೆರಗಾಗಿ ಕೇಳಿ, ಮರುದಿನದಿಂದ ತಾವೂ ಪಟ್ಟಿ ಬರೆಯಲು ಬಂದರು.

ಎಂಟು ದಿನಕ್ಕಿಂತ ಹೆಚ್ಚು ಕಾಯುವ ಓಣಿಗಳು ಮೂವತ್ತೊಂದು ಸಿಕ್ಕವು. ಅಲ್ಲೆಲ್ಲ ಒಂದಿಲ್ಲೊಂದು ಹಂಚಿಕೆ ಇತ್ತು. ಒಂದು ಕಡೆ ಮಸೀದಿಯ ಹೌಜಿನ ತೊಟ್ಟಿಯಿಂದ ಎಲ್ಲರಿಗೂ ನೀರು, ಒಂದು ಕಡೆ ಕುಸ್ತಿ ಗರಡಿಯವರು ಬೆಳಗ್ಗೆ ಎದ್ದು ಮುದುಕರ ಮನೆಗೆ ಕೊಡ ಹೊರುತ್ತಿದ್ದರು. ಒಬ್ಬರಿಗೊಬ್ಬರು ಆಗಿ ಬಂದವರನ್ನೇ ಯಂತ್ರ ಆರಿಸಿ ಆರಿಸಿ ಒಣಗಿಸಿತ್ತು.

ಮೂವತ್ತೊಂದು ಓಣಿಯವರು ಪಾಲಿಕೆಯ ಮುಂದೆ ಕೂತರು. ಕೆಲಸ ಬಿಟ್ಟು ಕೂರುವ ಹಾಗಿರಲಿಲ್ಲ. ಕಾಶವ್ವ ಆಟೋದಲ್ಲಿ ಮಷೀನು ಹಾಕಿಸಿಕೊಂಡು ಬಂದು ಅಲ್ಲಿಯೇ ಹೊಲಿದಳು. ಮುಮ್ತಾಜ್ ಗಾದಿಗೆ ಹತ್ತಿ ತುಂಬಿದಳು. ಬೀಡಿ ಕಟ್ಟುವವರು ಮೊರ ತಂದರು. ಅವರ ಬೇಡಿಕೆ ಒಂದೇ ಸಾಲಿನದು: ಮೊದಲು ಊರಿನ ಪ್ರತಿ ತಲೆಗೆ ದಿನಕ್ಕೆ ನಲವತ್ತು ಲೀಟರ್, ಆಮೇಲೆ ಉಳಿದದ್ದನ್ನು ಜಲಮತಿ ಯಾರಿಗೆ ಬೇಕಾದರೂ ಕೊಡಲಿ. ಹನ್ನೆರಡನೆಯ ದಿನ ಪೊಲೀಸರು ಮಷೀನನ್ನು ವ್ಯಾನಿಗೆ ಹಾಕಿದರು. ಹೆಂಗಸರು ಸುಮ್ಮನೆ ಎದ್ದು ಹೋಗಿ ವ್ಯಾನಿನ ಸುತ್ತ ಕೂತರು. ಸಂಜೆಗೆ ಮಷೀನು ಕೆಳಗಿಳಿಯಿತು.

ಹತ್ತೊಂಬತ್ತನೆಯ ದಿನ ಪಾಲಿಕೆಯ ಸಭೆ ಅವರನ್ನು ಒಳಗೆ ಕರೆಯಿತು. ತೊರಗಲ್ಲರು ಸದಸ್ಯರ ಮುಂದೆ ನಿಂತು ಮುಚ್ಚುಮರೆಯಿಲ್ಲದೆ ಹೇಳಿದರು: "ಇವರು ಕೇಳೋದನ್ನ ಮಾಡಬಹುದು. ಆದರೆ ದಿನಾ ನೀರು ಬರೋ ಕಡೆ ದಿನ ಬಿಟ್ಟು ದಿನ ಬರ್ತದೆ. ಊರ ತುಂಬ ದೂರು ಏಳ್ತಾವೆ. ತಡಕೊಳ್ಳೋಕೆ ಸಿದ್ಧ ಇದ್ದೀರಾ?"

ಚಂದ್ರಕಲಾ ಎದ್ದು ನಿಂತಳು. ಸರ್ಕಾರಿ ನೌಕರಳು ಅಲ್ಲಿ ಕೇಳದೆ ಬಾಯಿ ಬಿಡುವಂತಿರಲಿಲ್ಲ. "ದೂರು ಈಗಲೂ ಇದೆ ಸರ್. ಯಂತ್ರಕ್ಕೆ ಕೇಳಿಸ್ತಾ ಇಲ್ಲ ಅಷ್ಟೆ" ಅಂದು, ಮೂರು ವರ್ಷದ ತಾಳಿಕೆಯ ಲೆಕ್ಕವನ್ನು ಓಣಿಯ ಹೆಸರು ಹಿಡಿದು ಓದಿದಳು.

ಕಾಶವ್ವನ ಸರದಿ ಬಂದಾಗ ಅವಳಿಗೆ ಬರೆದುಕೊಂಡದ್ದೆಲ್ಲ ಮರೆತುಹೋಯಿತು. "ನಾವು ಸುಮ್ಮನಿದ್ವಿ ಅಂದ್ರ ನಮಗ ಸಾಕಾಗಿತ್ತು ಅಂತ ಅಲ್ರಿ" ಅಂದಳು. "ನಮ್ಮತ್ತಿಗೆ ಬೆನ್ನ ಮ್ಯಾಲ ಹುಣ್ಣಾಗ್ಯಾವ. ಅಕಿನೂ ಸುಮ್ಮನ ಇರ್ತಾಳ. ಸುಮ್ಮನಿದ್ದಾಳಂತ ನಾ ತೊಳಿಯೂದು ಬಿಡಬೇಕೇನ್ರಿ?"

ನಾಲ್ಕೇ ಮತಗಳ ಅಂತರದಲ್ಲಿ ನಿರ್ಣಯ ಪಾಸಾಯಿತು. ಜಲಮತಿಯ ಗುರಿಯ ಮೊದಲ ಸಾಲಿಗೆ ನಲವತ್ತು ಲೀಟರ್ ಸೇರಿತು. ಅದನ್ನು ಕಾಯಲು ಜನರೊಳಗಿನ ಐದು ಮಂದಿಯ ಒಂದು ಸಮಿತಿ ಆಯಿತು. ಕಾಶವ್ವ ಅದರಲ್ಲೊಬ್ಬಳು, ಗೌರಾಬಾಯಿ ಇನ್ನೊಬ್ಬಳು. ತಿಂಗಳೊಳಗೆ ಚಂದ್ರಕಲಾಳನ್ನು ಊರಿಂದ ನಲವತ್ತು ಕಿಲೋಮೀಟರು ದೂರದ ನದಿಯ ಪಂಪ್‌ಹೌಸಿಗೆ ವರ್ಗ ಮಾಡಿದರು. ಹೊರಡುವ ಮುಂಚೆ ಬಂದು ಕಾಶವ್ವನ ಕೈಯಲ್ಲಿ ಒಂದು ಜಂಪರು ಹೊಲಿಸಿಕೊಂಡು ಹೋದಳು.

*

ಏಪ್ರಿಲ್ ಎರಡನೆಯ ವಾರ ಸಮಿತಿಗೆ ಕರೆ ಬಂತು. ಕಂಟ್ರೋಲ್ ರೂಮಿನಲ್ಲಿ ತೊರಗಲ್ಲರು ಕಾಯುತ್ತಿದ್ದರು. ಗೋಡೆಯ ಮೇಲಿನ ಅಸಮಾಧಾನದ ಅಂಕಿ ಕೆಂಪಾಗಿ ಮೇಲೇರಿ ಕೂತಿತ್ತು.

"ನದಿ ಇಳಿದಿದೆ. ಚಂದ್ರಕಲಾ ಬೆಳಗ್ಗೆ ಅಳತೆ ಕಳಿಸಿದ್ದಾಳೆ. ಮಳೆ ಬರೋ ತನಕ ನಲವತ್ತು ಕೊಡೋಕಾಗೋದಿಲ್ಲ" ಅಂದರು. "ಎರಡು ದಾರಿ ಇವೆ. ಎಲ್ಲರಿಗೂ ಮೂವತ್ತನಾಲ್ಕಕ್ಕೆ ಇಳಿಸೋದು. ಇಲ್ಲವಾದರೆ ಈ ಹದಿನಾಲ್ಕು ಓಣಿಗೆ ಮಾತ್ರ ಇಪ್ಪತ್ತು ಕೊಟ್ಟು, ಉಳಿದವರಿಗೆ ನಲವತ್ತು ಉಳಿಸೋದು. ಜಲಮತಿ ಎರಡನೆಯದನ್ನ ಹೇಳ್ತಿದೆ. ದೂರು ಕಡಿಮಿ ಬರ್ತಾವೆ."

ಕಾಶವ್ವ ಪಟ್ಟಿಯನ್ನು ಬೆರಳಿಟ್ಟು ಓದಿದಳು. ಮಗ್ಗದ ಓಣಿ ಅದರಲ್ಲಿರಲಿಲ್ಲ. ಹಮಾಲರ ಚಾಳವೂ ಇರಲಿಲ್ಲ. ಎಲ್ಲ ಊರಾಚೆಯ ಹೊಸ ಗುಡಿಸಲುಗಳ ಓಣಿಗಳು. ಅಲ್ಲಿಯವರು ಧರಣಿಗೂ ಬಂದಿರಲಿಲ್ಲ, ಯಾಕೆಂದರೆ ಆಗ ಅವರು ಊರಿಗೇ ಬಂದಿರಲಿಲ್ಲ.

ಅವಳಿಗೆ ಸಾವಂತ್ರವ್ವನ ನೆನಪಾಯಿತು. ನಲವತ್ತು ಲೀಟರಿನಲ್ಲಿ ಆ ಹುಣ್ಣುಗಳು ಈಗಷ್ಟೇ ಒಣಗತೊಡಗಿದ್ದವು. ಬೆರಳು ಪಟ್ಟಿಯ ಮೇಲೆಯೇ ಉಳಿಯಿತು. ಗೌರಾಬಾಯಿ ಪಕ್ಕದಲ್ಲೇ ಕೂತು ಅದೇ ಪಟ್ಟಿ ನೋಡುತ್ತಿದ್ದಳು.

"ಎಲ್ಲಾರಿಗೂ ಇಳಸ್ರಿ" ಅಂದಳು ಕಾಶವ್ವ.

"ನಂದೂ ಅದ ಮಾತು" ಅಂದಳು ಗೌರಾಬಾಯಿ. ಐದರಲ್ಲಿ ಮೂವರ ಕೈ ಮೇಲೆ ಹೋದವು.

ಸುದ್ದಿ ಫೋನಿನಲ್ಲಿ ಹೋಗುವುದು ಬೇಡ, ತಾನೇ ಹೋಗಿ ಹೇಳುತ್ತೇನೆ ಅಂತ ಕಾಶವ್ವ ಓಣಿಗೆ ಬಂದಳು. ಬಿಸಿಲು ಇನ್ನೂ ಇಳಿದಿರಲಿಲ್ಲ. ಶಾಲೆಯ ಪಡಸಾಲೆಯಲ್ಲಿ ನಿಂತು ಏನೂ ಮುಚ್ಚದೆ ಹೇಳಿದಳು. ಮಗ್ಗದ ಓಣಿಯ ಹೆಸರು ಪಟ್ಟಿಯಲ್ಲಿರಲಿಲ್ಲ ಅನ್ನುವುದನ್ನೂ ಹೇಳಿದಳು.

ಓಣಿ ಒಮ್ಮೆಲೇ ಕೂಗಿಕೊಂಡಿತು. "ನಮ್ಮದ್ಯಾಕ ಕಡಿಮಿ ಮಾಡಿದಿ?" "ಅಲ್ಲೆ ಕೂತ ಮ್ಯಾಲ ನಮ್ಮನ್ನ ಮರತಿ!" ರೇಣುಕಾ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಕೂಗಿದಳು. ಎಲ್ಲರಿಗಿಂತ ಜೋರು ಮುಮ್ತಾಜಳದು.

"ನಿನ್ನ ಜೋಡಿ ಹತ್ತೊಂಬತ್ತು ದಿನ ರಸ್ತೆ ಮ್ಯಾಲ ಕೂತೀನಿ ನಾ! ಕೇಳೂದು ಬ್ಯಾಡೇನು ಒಂದ್ ಮಾತು?"

ಕಾಶವ್ವನಿಗೆ ಮುಖ ಬಿಸಿಯಾಯಿತು, ಕಣ್ಣು ತುಂಬಿತು. ಆದರೆ ಅವಳು ಕಾಲು ಹಿಂದೆ ಇಡಲಿಲ್ಲ. ಇಷ್ಟು ವರ್ಷ ಈ ಮಂದಿ ಒಂದು ಮಾತು ಆಡದೆ ತಾಳಿಕೊಂಡದ್ದನ್ನು ಅವಳು ನೋಡಿದ್ದಳು. ಈಗ ಬೈಯುತ್ತಿದ್ದರು, ಅದೂ ಎದುರಿಗೆ ನಿಂತು. ಅವಳು ಜಂಪರಿನ ಅಳತೆ ಬರೆದುಕೊಳ್ಳುವ ಪುಸ್ತಕ ಚೀಲದಿಂದ ತೆಗೆದಳು, ಖಾಲಿ ಹಾಳೆ ಹುಡುಕಿದಳು.

"ಕೇಳಬೇಕಾಗಿತ್ತು, ತಪ್ಪಾತು" ಅಂದಳು. "ಈಗ ಒಬ್ಬೊಬ್ಬರ ಹೇಳ್ರಿ. ಬರಕೋತೀನಿ. ನಾಳೆ ಸಾಹೇಬ್ರ ಮುಂದ ಒಂದೂ ಬಿಡದಂಗ ಓದ್ತೀನಿ."

ಮುಮ್ತಾಜ್ ಗುಂಪು ಸೀಳಿಕೊಂಡು ಮುಂದೆ ಬಂದು, ಅವಳೆದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಮೊದಲು ನಂದು ಬರಿ" ಅಂದಳು. "ಉದ್ದ ಐತಿ."